ಉಚಿತ ಎಂಬ ಮಾತಿಗೆ ಎರಡು ಅರ್ಥ

ಲ್ಯಾಪ್‌ಟಾಪ್ ಕೊಳ್ಳುವುದು ತತ್ತ್ವಶಾಸ್ತ್ರದ ಪ್ರಶ್ನೆಯೇನಲ್ಲ. ಕೈಯಲ್ಲಿ ದುಡ್ಡೆಷ್ಟಿದೆ, ಮಾಡಬೇಕಾದ ಕೆಲಸ ಯಾವುದು ಎಂಬೆರಡು ಸಂಗತಿ ಹೇಳಿದರೆ ಉಳಿದದ್ದನ್ನು ಅಂಗಡಿಯವನೇ ಹೇಳುತ್ತಾನೆ. ನನಗೆ ಮಾತ್ರ ಅದು ಮೂರು ತಿಂಗಳು ಹಿಡಿಯಿತು. ಫೆಲೋಶಿಪ್ ಹಣ ತಡವಾದದ್ದು ಅದಕ್ಕೆ ಅರ್ಧ ಕಾರಣ. ಇನ್ನರ್ಧ ಕಾರಣ ಮುಧೋಳದ ಒಬ್ಬ ಸ್ಟುಡಿಯೋ ಕಾಕಾ ಕೇಳಿದ ಪ್ರಶ್ನೆ. ಅದಕ್ಕೆ ಬರುವ ಮೊದಲು ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲಿ ಉಳಿದಿರುವ ವಸ್ತುಗಳ ಬಗ್ಗೆ, ಅವು ನೆನಪನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತವೆ ಎಂಬುದರ ಬಗ್ಗೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಜಮಖಂಡಿಯಲ್ಲಿ ಒಂದು ಬಾಡಿಗೆ ಕೋಣೆ ಇದೆ. ಅಲ್ಲಿಂದ ವಾರಕ್ಕೆರಡು ಸಲ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ, ತಿಂಗಳಿಗೆ ಎರಡು-ಮೂರು ಸಲ ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಿಗೆ ಹೋಗುತ್ತೇನೆ. ಮಗ್ಗದ ಮನೆಗಳಲ್ಲಿ ಸೀರೆಗಳ ಫೋಟೊ ತೆಗೆಯುತ್ತೇನೆ. ಪುನರ್ವಸತಿ ಕೇಂದ್ರಗಳಲ್ಲಿ ಜನ ಟ್ರಂಕಿನಿಂದ ತೆಗೆದುಕೊಡುವ ಹಳೆಯ ಫೋಟೊಗಳನ್ನು ನಕಲು ಮಾಡಿಕೊಳ್ಳುತ್ತೇನೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಎಷ್ಟೋ ಮನೆಗಳು ಈಗ ಇರುವುದು ಆ ಫೋಟೊಗಳಲ್ಲಿ ಮಾತ್ರ. ಒಟ್ಟು ಆರು ಸಾವಿರದಷ್ಟು ಚಿತ್ರಗಳು ಸೇರಿವೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಅವನ್ನು ತೆರೆಯುವ ಶಕ್ತಿಯೇ ಇರಲಿಲ್ಲ.

ಬನಹಟ್ಟಿಯಲ್ಲಿ ಇಬ್ಬರು ಅಣ್ಣತಮ್ಮಂದಿರ ಮಗ್ಗದ ಮನೆಯಲ್ಲಿ ನನಗೆ ಸಲುಗೆ ಬೆಳೆದಿದೆ. ಅವರು ವ್ಯಾಪಾರಿಗಳ ಕೈಗೆ ಕೊಡುವುದರ ಜೊತೆಗೆ ಒಂದಷ್ಟು ಸೀರೆಗಳನ್ನು ವಾಟ್ಸಾಪಿನಲ್ಲಿ ನೇರವಾಗಿ ಮಾರುತ್ತಾರೆ. ಫೋನಿನಲ್ಲಿ ಫೋಟೊ ತೆಗೆದು ಹಾಕುತ್ತಿದ್ದರು. ಒಂದು ಸಲ ಬೆಂಗಳೂರಿಗೆ ಹೋದ ಸೀರೆ ವಾಪಸು ಬಂತು. ದಾಳಿಂಬೆ ಕೆಂಪು ಎಂದು ತರಿಸಿಕೊಂಡರೆ ಇಟ್ಟಿಗೆ ಬಣ್ಣ ಬಂದಿದೆ ಎಂದು ಆ ಹೆಣ್ಣುಮಗಳ ತಕರಾರು. ಹೋಗುವ ಬರುವ ಎರಡೂ ಕಡೆಯ ಕೊರಿಯರ್ ಖರ್ಚು ಇವರ ತಲೆಗೆ. ಮಡಿಕೆ ಬಿಚ್ಚಿದ ಸೀರೆಯನ್ನು ಹೊಸದೆಂದು ಮಾರಲೂ ಬರುವುದಿಲ್ಲ. ದೊಡ್ಡ ಅಣ್ಣ ಆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ: "ಸೀರಿ ಖರೇನ ಐತ್ರಿ, ಫೋಟೊ ಸುಳ್ಳ ಐತಿ."

ಆವತ್ತಿನಿಂದ ಫೋಟೊ ತೆಗೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬದಲಿಗೆ ಮಗ್ಗದ ಪಕ್ಕ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಕೇಳಬಹುದು, ಬರೆದುಕೊಳ್ಳಬಹುದು. ಆಗ ಗೊತ್ತಾದದ್ದೇನೆಂದರೆ, ಬಣ್ಣದ ವಿಷಯದಲ್ಲಿ ಸತ್ಯ ಹೇಳಬೇಕಾದರೆ ಕ್ಯಾಮೆರಾಕ್ಕಿಂತ ಮೊದಲು ಪರದೆ ಸರಿಯಿರಬೇಕು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಥ ಪರದೆ, ಇಂಟರ್ನೆಟ್ಟಿನಲ್ಲಿ ಎಲ್ಲರೂ ಪ್ರಮಾಣವೆಂದು ಒಪ್ಪಿಕೊಂಡಿರುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಮಾತ್ರ ತೋರಿಸಬಲ್ಲದು. ಉಳಿದ ಪಾಲು ಯಾವುದು? ಗಾಢ ಕೆಂಪು, ಗಾಢ ಹಸಿರು. ಎಂದರೆ ನಮ್ಮ ಸೀರೆಗಳ ದಾಳಿಂಬೆ ಕೆಂಪು ಮತ್ತು ಗಿಣಿ ಹಸಿರು. ಇಂಥ ಪರದೆಯ ಮುಂದೆ ಕೂತು ಬಣ್ಣ ತಿದ್ದುವವರಿಗೆ ತಮಗೆ ಕಾಣದಿರುವುದು ಏನೆಂಬುದೂ ಕಾಣುವುದಿಲ್ಲ. ಕೆಂಪು ಸಪ್ಪೆಯಾಗಿದೆ ಎಂದು ಎಳೆದೆಳೆದು ಏರಿಸುತ್ತಾರೆ. ಒಳ್ಳೆಯ ಪರದೆಯ ಫೋನಿನಲ್ಲಿ ಅದು ಉರಿಯುವ ಕೆಂಡದಂತೆ ಕಾಣುತ್ತದೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸಾಲು ಪರದೆ: ಐಪಿಎಸ್ ಇರಬೇಕು, ಎಸ್‌ಆರ್‌ಜಿಬಿ 100% ಇರಬೇಕು. ಆಮೇಲೆ 16 ಜಿಬಿ ರ್‍ಯಾಮ್, 512 ಜಿಬಿಯ ಎಸ್‌ಎಸ್‌ಡಿ. ಇಷ್ಟಕ್ಕೆ ನಿಲ್ಲಿಸಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ನನಗೆ ಅದರಲ್ಲಿ ಲಿನಕ್ಸ್ ನಡೆಯಬೇಕಿತ್ತು. ಎಂ.ಎ. ಓದುವಾಗಿನಿಂದ ಅದನ್ನೇ ಬಳಸುತ್ತಿದ್ದೇನೆ. ರಾ ಫೋಟೊಗಳಿಗೆ ಡಾರ್ಕ್‌ಟೇಬಲ್, ಹರಿದ ಮಾಸಿದ ಹಳೆಯ ಫೋಟೊಗಳಿಗೆ ಗಿಂಪ್. ಗಿಂಪ್ 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ಕೆಲಸ. ಡಾರ್ಕ್‌ಟೇಬಲ್ 2009ರಲ್ಲಿ ಶುರುವಾದದ್ದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಎರಡರ ಒಳಗನ್ನೂ ಬಿಚ್ಚಿ ನೋಡಬಹುದು, ಬದಲಿಸಬಹುದು, ಇನ್ನೊಬ್ಬರಿಗೆ ಹಂಚಬಹುದು.

ಲಿನಕ್ಸಿಗೆ ಯಂತ್ರ ಆರಿಸುವುದು ಹೆಣ್ಣು ನೋಡಲು ಹೋದಂತಲ್ಲ, ಎತ್ತು ಕೊಳ್ಳಲು ಹೋದಂತೆ. ಹಲ್ಲು ಹಿಡಿದು ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ನನ್ನ ಬಳಿ ಒಂದು ಲೈವ್ ಪೆನ್‌ಡ್ರೈವ್ ಇದೆ. ಅದನ್ನು ಚುಚ್ಚಿದರೆ ಲ್ಯಾಪ್‌ಟಾಪಿನಲ್ಲಿ ಏನನ್ನೂ ಅಳಿಸದೆ ಲಿನಕ್ಸ್ ಎದ್ದು ಕೂರುತ್ತದೆ. ವೈಫೈ ಸಿಗುತ್ತದೆಯೇ, ಮುಚ್ಚಳ ಮುಚ್ಚಿದರೆ ನಿದ್ದೆ ಹೋಗುತ್ತದೆಯೇ, ಎದ್ದಾಗ ಪರದೆ ಬರುತ್ತದೆಯೇ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ವೈಫೈ ಚಿಪ್ ಇಂಟೆಲ್‌ದಾದರೆ ತಲೆನೋವು ಕಡಿಮೆ. ಎಎಂಡಿ, ಇಂಟೆಲ್ ಗ್ರಾಫಿಕ್ಸ್ ಆದರೆ ಚಾಲಕ ತಂತ್ರಾಂಶ ಲಿನಕ್ಸಿನ ಒಳಗೇ ಇರುತ್ತದೆ. ಎನ್‌ವಿಡಿಯಾ ಆದರೆ ಡಾರ್ಕ್‌ಟೇಬಲ್ ಓಡುವ ವೇಗ ಹೆಚ್ಚು, ಆದರೆ ಅದರ ಚಾಲಕದ ಮುಖ್ಯ ಭಾಗ ಮುಚ್ಚಿದ ಪೆಟ್ಟಿಗೆ. ಪೆನ್‌ಡ್ರೈವ್ ಹೊರತೆಗೆದಾಗ ಅಂಗಡಿಯ ಹುಡುಗ "ಇದರಾಗ ವೈರಸ್ ಇಲ್ಲಲ್ರಿ ಮೇಡಮ್?" ಎಂದು ಕೇಳಿದ್ದ. ಸರಿಯಾದ ಪ್ರಶ್ನೆಯೇ ಅದು.

ಕೊನೆಗೆ ಹೊಸದರ ಆಸೆ ಬಿಟ್ಟೆ. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಗಟ್ಟಿಮುಟ್ಟಾಗಿರುವ ಎಷ್ಟೋ ಯಂತ್ರಗಳು ಇದರಿಂದ ಒಂದೇ ದಿನದಲ್ಲಿ ಮುದಿಯಾದವು. ಅಂಥದೊಂದು ಕಚೇರಿ ಲ್ಯಾಪ್‌ಟಾಪನ್ನು ರೀಫರ್ಬಿಶ್ಡ್ ಅಂಗಡಿಯಲ್ಲಿ ಕೊಂಡು, ಉಳಿದ ದುಡ್ಡಿನಲ್ಲಿ ಬಣ್ಣ ಸರಿಯಾಗಿ ತೋರಿಸುವ ಒಂದು ಬೇರೆ ಮಾನಿಟರ್ ತಂದೆ. ಹಳ್ಳಿಗಳಲ್ಲಿ ಸಣ್ಣ ಪರದೆಯ ಮೇಲೆ ಫೋಟೊ ವಿಂಗಡಿಸುತ್ತೇನೆ. ಬಣ್ಣದ ತೀರ್ಪು ಕೋಣೆಗೆ ಬಂದ ಮೇಲೆ, ದೊಡ್ಡ ಪರದೆಯ ಮುಂದೆ. ಪರದೆಯ ಬಣ್ಣ ಅಳೆಯುವ ಉಪಕರಣವನ್ನು ಗೆಳತಿಯಿಂದ ಎರಡು ದಿನಕ್ಕೆ ಎರವಲು ತಂದು ಹೊಂದಿಸಿಕೊಂಡೆ.

ಇಷ್ಟು ಖರೀದಿಯ ಮಾತಾಯಿತು.

ಮುಧೋಳದ ಕಾಕಾ ಮೂವತ್ತು ವರ್ಷದಿಂದ ಫೋಟೊ ಸ್ಟುಡಿಯೋ ನಡೆಸುತ್ತಿದ್ದಾರೆ. ಮದುವೆಯ ಕರಿಜ್ಮಾ ಆಲ್ಬಮ್, ಗೃಹಪ್ರವೇಶದ ಬ್ಯಾನರ್, ಶ್ರದ್ಧಾಂಜಲಿ ಫಲಕ, ಆಧಾರಿಗೆ ಬೇಕಾದ ಪಾಸ್‌ಪೋರ್ಟ್ ಸೈಜು, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. ಅದರಲ್ಲಿರುವುದು ಯಾರೋ ಹುಡುಗ ಎಂದೋ ಸಿ.ಡಿ.ಯಲ್ಲಿ ತಂದುಕೊಟ್ಟ ಫೋಟೊಶಾಪ್. ಲೈಸೆನ್ಸ್ ಇಲ್ಲ. ಸಣ್ಣ ಊರುಗಳಲ್ಲಿ ಇದು ಹೊಸ ಸಂಗತಿಯೇನಲ್ಲ. ಹೇಳಲು ಅವರಿಗೆ ನಾಚಿಕೆಯೂ ಇಲ್ಲ. ಅಡೋಬಿ 2013ರಲ್ಲಿ ಪೆಟ್ಟಿಗೆಯಲ್ಲಿ ಮಾರುವುದನ್ನು ಬಿಟ್ಟು ತಿಂಗಳ ಬಾಡಿಗೆಯ ಪದ್ಧತಿಗೆ ಹೊರಳಿತು. ಕಾಕಾನ ಪ್ರತಿ ಅದಕ್ಕೂ ಹಿಂದಿನದು. ಆ ಕಂಪ್ಯೂಟರಿಗೆ ಅವರು ಇಂಟರ್ನೆಟ್ ತಂತಿಯನ್ನೇ ಚುಚ್ಚುವುದಿಲ್ಲ. ಫೋಟೊಗಳು ಪೆನ್‌ಡ್ರೈವಿನಲ್ಲಿ ಒಳಗೆ ಹೋಗುತ್ತವೆ, ಪೆನ್‌ಡ್ರೈವಿನಲ್ಲಿ ಹೊರಗೆ ಬರುತ್ತವೆ.

ನಾನು ಲಿನಕ್ಸಿನ ಬಗ್ಗೆ, ಗಿಂಪಿನ ಬಗ್ಗೆ ಹೇಳುವಾಗ ಅವರು ಒಬ್ಬ ಮದುಮಗಳ ಮುಖವನ್ನು ಬೆಳ್ಳಗೆ ಮಾಡುತ್ತಿದ್ದರು. ಆ ಹುಡುಗಿ ಅಷ್ಟು ಬೆಳ್ಳಗಿಲ್ಲ ಎಂಬುದು ಅವಳ ಮನೆಯವರಿಗೂ ಗೊತ್ತು, ಗಂಡಿನ ಮನೆಯವರಿಗೂ ಗೊತ್ತು. ಆದರೂ ಮಾಡದಿದ್ದರೆ ಆಲ್ಬಮ್ ವಾಪಸು ಬರುತ್ತದಂತೆ. (ಬನಹಟ್ಟಿಯಲ್ಲಿ ಬಣ್ಣ ಸುಳ್ಳಾದರೆ ಸರಕು ವಾಪಸು, ಮುಧೋಳದಲ್ಲಿ ಬಣ್ಣ ಖರೆಯಾದರೆ ಸರಕು ವಾಪಸು. ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ.) ನನ್ನ ಮಾತು ಮುಗಿದ ಮೇಲೆ ಮೌಸ್ ಬಿಟ್ಟು ತಿರುಗಿ ಕೇಳಿದರು:

"ನಂದೂ ಪುಕ್ಕಟ, ನಿಂದೂ ಪುಕ್ಕಟ. ನಾ ಕಳ್ಳ ಆದೆ, ನೀ ಹೆಂಗ ಸಾಚಾ ಆದಿ ತಂಗಿ?"

ಸುಲಭದ ಉತ್ತರ ಇತ್ತು, ಕೊಟ್ಟೆ. ನನ್ನದನ್ನು ಮಾಡಿದವರು ತಾವಾಗಿ ಕೊಟ್ಟಿದ್ದಾರೆ, ನಿಮ್ಮದನ್ನು ಮಾಡಿದವರು ಕೊಟ್ಟಿಲ್ಲ. ಕಾಕಾ ತಲೆಯಾಡಿಸಿದರು. ಆಮೇಲೆ ಇನ್ನೊಂದು ಕೇಳಿದರು. "ಆತು. ಅಂವ ಕೊಡತೇನಿ ಅಂದಾ, ನೀ ತಗೊಂಡಿ. ಅಂವಗ ನೀ ಏನ್ ಕೊಟ್ಟಿ?"

ಈ ಎರಡನೆಯ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಒಪ್ಪಿಗೆ ಇದ್ದರೆ ಕಳವಲ್ಲ, ಸರಿ. ಆದರೆ ಕಳವಲ್ಲದ್ದೆಲ್ಲ ಸರಿಯಾದದ್ದು ಎಂದಾಗುತ್ತದೆಯೇ? ಹಬ್ಬಕ್ಕೆ ಕರೆದವರ ಮನೆಯಲ್ಲಿ ಉಂಡು ಕೈತೊಳೆದು ಒಂದು ಮಾತೂ ಆಡದೆ ಎದ್ದು ಹೋಗುವವನು ಕಳ್ಳನಲ್ಲ. ಅವನನ್ನು ಏನೆಂದು ಕರೆಯಬೇಕು?

ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಪದ ಇರುವುದರಿಂದ ಈ ತಂತ್ರಾಂಶ ಚಳವಳಿಯವರು ಅದನ್ನು ಬಿಡಿಸಿ ಹೇಳುವುದಕ್ಕೇ ನಾಲ್ಕು ದಶಕ ಖರ್ಚು ಮಾಡಿದ್ದಾರೆ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಕೂಡ ಬೆಲೆಯ ಮಾತಾಡಿದವನಲ್ಲ. ಆ ತಂತ್ರಾಂಶವನ್ನು ಬೇಕಾದರೆ ದುಡ್ಡಿಗೂ ಮಾರಬಹುದು. ತನ್ನ ಪ್ರಯೋಗಾಲಯದ ಪ್ರಿಂಟರ್ ಪದೇ ಪದೇ ಸಿಕ್ಕಿಹಾಕಿಕೊಂಡಾಗ ಅದನ್ನು ಸರಿಪಡಿಸಲು ಒಳಗಿನ ಬರಹ ಕೇಳಿ, ಕೊಡುವುದಿಲ್ಲ ಎನ್ನಿಸಿಕೊಂಡ ಸಿಟ್ಟಿನಿಂದ ಆ ದಾರಿ ಹಿಡಿದವನು ಅವನು. ನಮಗೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಆದರೆ ನಮಗೆ ಇನ್ನೊಂದು ಪದವಿದೆ, ಅದು ಹೆಚ್ಚು ಸ್ವಾರಸ್ಯದ್ದು: ಉಚಿತ. ಸಂಸ್ಕೃತದಲ್ಲಿ ಅದರ ಅರ್ಥ ತಕ್ಕದ್ದು, ಯೋಗ್ಯವಾದದ್ದು ಎಂದು. ಹಿಂದಿಯಲ್ಲಿ ಇಂದಿಗೂ ಅಷ್ಟೇ. ಉತ್ತರಪ್ರದೇಶದಿಂದ ಬಂದ ನನ್ನ ಸಹಪಾಠಿಯೊಬ್ಬಳು 'ಉಚಿತ ಪ್ರವೇಶ' ಎಂಬ ಫಲಕವನ್ನು ಓದಿಸಿಕೊಂಡು, ಹಾಗಾದರೆ ಅನುಚಿತ ಪ್ರವೇಶದ ಬಾಗಿಲು ಎಲ್ಲಿದೆ ಎಂದು ಕೇಳಿದ್ದಳು. ಕನ್ನಡದಲ್ಲಿ ಎರಡೂ ಅರ್ಥ ಒಟ್ಟಿಗೆ ಬದುಕಿವೆ. ಸಮಯೋಚಿತ ಎಂದಾಗ ತಕ್ಕದ್ದು. ಉಚಿತ ಶಿಬಿರ ಎಂದಾಗ ದುಡ್ಡಿಲ್ಲದ್ದು. ಕಾಕಾನ ಎರಡನೆಯ ಪ್ರಶ್ನೆಯನ್ನು ಈ ಪದದೊಳಗೇ ಇಟ್ಟು ಕೇಳಬಹುದು: ಉಚಿತವಾಗಿ ಸಿಕ್ಕದ್ದು ಯಾವಾಗ ಉಚಿತವಾಗುತ್ತದೆ?

ಮುಧೋಳದಲ್ಲಿ ಕೂತು ಈ ಪ್ರಶ್ನೆ ಕೇಳುವಾಗ ರನ್ನ ನೆನಪಾಗದೆ ಇರುವುದಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಉಳಿಯಲಿ ಎಂದು ಒಂದು ಸಾವಿರ ಓಲೆಯ ಪ್ರತಿ ಮಾಡಿಸಿ ಹಂಚಿದವಳು. ಹತ್ತನೆಯ ಶತಮಾನದ ಮಾತು. ಸಾವಿರ ಪ್ರತಿ ಎಂದರೆ ಎಷ್ಟು ಗರಿ, ಎಷ್ಟು ಕಂಟ, ಎಷ್ಟು ಲಿಪಿಕಾರರ ಎಷ್ಟು ತಿಂಗಳ ಊಟ! ಪಡೆದವರಿಗೆ ಅದು ಪುಕ್ಕಟೆ. ಕೊಟ್ಟವರಿಗೆ ಅಲ್ಲ. ಇಂದು ಗಿಂಪಿನ ಸಾವಿರ ಪ್ರತಿಗೆ ಯಾರಿಗೂ ಖರ್ಚಿಲ್ಲ ಎಂಬುದು ನಮ್ಮ ಕಣ್ಣು ಕಟ್ಟುತ್ತದೆ. ನಕಲಿನ ಖರ್ಚು ಇಲ್ಲವಾಗಿದೆ, ಮೊದಲ ಪ್ರತಿಯ ಖರ್ಚು ಹಾಗೇ ಇದೆ.

ಇನ್ನೂ ಹತ್ತಿರದ ಉದಾಹರಣೆ ಜಮಖಂಡಿಯಲ್ಲಿದೆ. ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ 1989ರಲ್ಲಿ ರೈತರು ತಾವೇ ಕಟ್ಟಿಕೊಂಡ ಬ್ಯಾರೇಜ್. ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೈಯಿಂದ ದುಡ್ಡು ಹಾಕಿ, ಮೈಮುರಿದು ದುಡಿದು ಕಟ್ಟಿದ್ದು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಆ ಕೆಲಸದಿಂದಾಗಿ ಬ್ಯಾರೇಜ್ ಸಿದ್ದು ಎಂದೇ ಕರೆಸಿಕೊಂಡ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಬ್ಯಾರೇಜಿಗೆ ಬುಟ್ಟಿ ಹೊತ್ತವರ ಹೊಲಕ್ಕೆ ನೀರು ಬಂತು. ಹೊರದವರ ಬಾವಿಯಲ್ಲಿಯೂ ಒರತೆ ಏರಿರಲೇಬೇಕು. ನೀರಿಗೆ ದೇಣಿಗೆಯ ರಸೀದಿ ಓದಲು ಬರುವುದಿಲ್ಲ. ಈ ಎರಡನೆಯವನು, ಬುಟ್ಟಿ ಹೊರದೆ ನೀರು ಪಡೆದವನು, ಕಳ್ಳನೇನಲ್ಲ. ಕೆಲವರಿಗೆ ಆಗ ವಯಸ್ಸಾಗಿತ್ತು, ಕೆಲವರು ಹುಟ್ಟಿಯೇ ಇರಲಿಲ್ಲ. ಆದರೆ ಗೇಟು ಹಾಕುವ, ತೆಗೆಯುವ, ದುರಸ್ತಿ ಮಾಡುವ ಕೆಲಸ ಬಂದಾಗ ಅವನು ಎಲ್ಲಿದ್ದಾನೆ ಎಂದು ಊರು ನೋಡುತ್ತದೆ. ನೋಡುವುದು ನ್ಯಾಯ.

ತಂತ್ರಾಂಶದ ಗೇಟು ಕಾಯುವವರ ಪಾಡು 2024ರ ಮಾರ್ಚಿನಲ್ಲಿ ಲೋಕಕ್ಕೇ ಕಂಡಿತು. ಲಿನಕ್ಸಿನ ಮೂಲೆಮೂಲೆಯಲ್ಲಿ ಬಳಕೆಯಾಗುವ ಎಕ್ಸ್‌ಜೆಡ್ ಎಂಬ ಸಣ್ಣ ಸಾಧನವನ್ನು ನೋಡಿಕೊಳ್ಳುತ್ತಿದ್ದವನು ಒಬ್ಬನೇ ಒಬ್ಬ, ಅದೂ ಸಂಬಳವಿಲ್ಲದೆ. ದಣಿದಿದ್ದ. ಸಹಾಯಕ್ಕೆ ಬಂದೆ ಎಂದು ಒಬ್ಬ ಸೇರಿಕೊಂಡು, ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕನಂತೆ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೊಂದು ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಹಟ ಹಿಡಿದು ಹುಡುಕಿದ್ದರಿಂದ ಅದು ಸಿಕ್ಕಿತು. ಒಳಗನ್ನು ಬಿಚ್ಚಿ ನೋಡಲು ಬರುತ್ತಿತ್ತು, ಅದಕ್ಕೇ ಸಿಕ್ಕಿತು ಎಂದು ನಮ್ಮವರು ಹೆಮ್ಮೆಪಟ್ಟರು. ಆ ಹೆಮ್ಮೆ ನನಗೂ ಇದೆ. ಆದರೆ ಲಕ್ಷಾಂತರ ಯಂತ್ರಗಳ ಭಾರ ಹೊತ್ತ ಆ ಒಬ್ಬ ದಣಿದವನ ಪಕ್ಕದಲ್ಲಿ ನಮ್ಮಲ್ಲಿ ಒಬ್ಬರೂ ಇರಲಿಲ್ಲ ಎಂಬುದೂ ಅದೇ ಕಥೆಯ ಭಾಗ.

ಕೊಟ್ಟವನಿಗೆ ಏನು ಕೊಟ್ಟೆ ಎಂಬುದಕ್ಕೆ ನಮ್ಮ ಕಡೆ ಮುಯ್ಯಿ ಎಂಬ ಪದ್ಧತಿ ಇದೆ. ಮುಯ್ಯಿ ಸಾಲವಲ್ಲ, ಬಡ್ಡಿ ಇಲ್ಲ. ದಾನವೂ ಅಲ್ಲ, ಏಕೆಂದರೆ ಮರೆಯುವಂತಿಲ್ಲ. ಮದುವೆಯಲ್ಲಿ ಯಾರು ಏನು ಹಾಕಿದರು ಎಂದು ವಹಿಯಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯ ಬಂದಾಗ ತೀರಿಸುವುದು. ಕಳೆ ತೆಗೆಯುವಾಗ ನನ್ನ ಹೊಲಕ್ಕೆ ನೀನು ಬಂದೆ, ನಿನ್ನ ಹೊಲಕ್ಕೆ ನಾನು ಬರುತ್ತೇನೆ. ತಂತ್ರಾಂಶದಲ್ಲಿ ಮುಯ್ಯಿ ಅದೇ ಮನೆಗೆ ಮರಳಬೇಕಿಲ್ಲ ಎಂಬುದೊಂದೇ ವ್ಯತ್ಯಾಸ. ನನ್ನ ಹಳೆಯ ಲೆನ್ಸ್ ಗೋಡೆಯ ನೇರಗೆರೆಯನ್ನು ಸ್ವಲ್ಪ ಹೊಟ್ಟೆ ಬಂದಂತೆ ತೋರಿಸುತ್ತದೆ. ಡಾರ್ಕ್‌ಟೇಬಲಿನಲ್ಲಿ ಇಂಥ ದೋಷ ತಿದ್ದುವುದು ಲೆನ್ಸ್‌ಫನ್ ಎಂಬ ಕೋಶದ ನೆರವಿನಿಂದ. ಬಳಸುವವರೇ ತಮ್ಮ ತಮ್ಮ ಲೆನ್ಸಿನಿಂದ ಕಟ್ಟಡಗಳ ಫೋಟೊ ತೆಗೆದು, ಅಳತೆ ಮಾಡಿ ಕೊಟ್ಟು ಬೆಳೆಸಿದ ಕೋಶ ಅದು. ನನ್ನ ಲೆನ್ಸಿನ ಅಳತೆ ಅದರಲ್ಲಿ ಅರ್ಧವೇ ಇತ್ತು. ಒಂದು ಭಾನುವಾರ ನೇರ ಅಂಚಿನ ಕಟ್ಟಡ ಹುಡುಕಿಕೊಂಡು ಜಮಖಂಡಿ ಸುತ್ತಿ, ಉಳಿದರ್ಧ ತುಂಬಿ ಕಳಿಸಿದೆ. ಎಲ್ಲೋ ಯಾರೋ ಅದೇ ಲೆನ್ಸ್ ಇಟ್ಟುಕೊಂಡವರ ಗೋಡೆ ನೆಟ್ಟಗಾಗುತ್ತದೆ. ಕಾಕಾನಿಗೆ ಇದನ್ನು ಹೇಳಿದಾಗ ನಕ್ಕರು. "ಐದ ಪೈಸಾದ ಮುಯ್ಯಿ ಆತಲ್ಲವ್ವಾ" ಎಂದರು. ಹೌದು, ಅಷ್ಟೇ. ಆದರೆ ವಹಿಯಲ್ಲಿ ಹೆಸರು ಬಂತು.

ಈ ಎಲ್ಲ ಮಾತನ್ನೂ ಬನಹಟ್ಟಿಯ ಅಣ್ಣನ ಮುಂದೆ ಆಡಿದೆ. ಅವರ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಇದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಾಡಿದ ಏರ್ಪಾಟಿನ ಸಂತತಿ: ತೂತು ಹೊಡೆದ ಕಾರ್ಡುಗಳು ಯಾವ ಹಾಸಿನ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತವೆ. ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡಿನ ಉಪಾಯವನ್ನು ಪಡೆದದ್ದು ಮಗ್ಗದಿಂದಲೇ. ಹಾಗಾಗಿ ನನ್ನ ಲ್ಯಾಪ್‌ಟಾಪಿಗೆ ಅವರ ಮಗ್ಗ ದೂರದ ಅಜ್ಜಿ. ಈ ನೆಂಟಸ್ತನ ಅವರಿಗೆ ಖುಷಿ ಕೊಟ್ಟಿತು. ಮುಕ್ತವಾಗಿ ಹಂಚುವ ಮಾತು ಮಾತ್ರ ಹಿಡಿಸಲಿಲ್ಲ. ದುಡ್ಡು ಕೊಟ್ಟು ಹೊಸ ಡಿಸೈನ್ ಮಾಡಿಸಿ, ಕಾರ್ಡು ಹೊಡೆಸಿ, ನಾಲ್ಕು ಸೀರೆ ಮಾರುವುದರೊಳಗೆ ಪಕ್ಕದ ಓಣಿಯಲ್ಲಿ ಅದೇ ಸೆರಗು ಕಡಿಮೆ ನೂಲಿನಲ್ಲಿ ಬಂದಿರುತ್ತದೆ. "ನಿಮ್ಮ ಮಂದಿ ಹಂಚಲಿ ಬಿಡ್ರಿ, ಅವರಿಗೆ ಪಗಾರ ಬ್ಯಾರೆ ಕಡೆ ಬರತೈತಿ. ನಾವು ಹಂಚಿದ್ರ ಉಣ್ಣೂದು ಏನ?"

ಇದಕ್ಕೆ ನಾನು ವಾದ ಹೂಡಲಿಲ್ಲ. ಅವರ ಮಾತಿನಲ್ಲಿ ಸತ್ಯವಿದೆ. ಬಿಡುವು ಮತ್ತು ಬೇರೆ ಅನ್ನ ಇದ್ದವರಿಗೆ ಹಂಚುವುದು ಸುಲಭ. ಡಾರ್ಕ್‌ಟೇಬಲ್ ಕಲಿಯಲು ನನಗೆ ಹಿಡಿದ ರಾತ್ರಿಗಳು ಫೆಲೋಶಿಪ್ಪಿನ ರಾತ್ರಿಗಳು. ಮದುವೆ ಸೀಜನ್ನಿನಲ್ಲಿ ಕಾಕಾನಿಗೆ ಅಂಥ ಒಂದು ರಾತ್ರಿಯೂ ಇಲ್ಲ. ಹಾಗಾಗಿ ಕಾಕಾನ ಸಿ.ಡಿ.ಯನ್ನು ನಾನು ಪಕ್ಕದ ಓಣಿಯ ಕಳ್ಳ ಸೆರಗಿನ ಸಾಲಿಗೆ ಸೇರಿಸಲಾರೆ. ಅಲ್ಲಿ ಬಡವನ ಅನ್ನಕ್ಕೆ ಇನ್ನೊಬ್ಬ ಬಡವ ಕೈಹಾಕುತ್ತಾನೆ. ಇಲ್ಲಿ ಹಾನಿ ಆಗಿದ್ದರೆ ಕಂಪನಿಗಿಂತ ಹೆಚ್ಚಾಗಿ ಕಾಕಾನಿಗೇ ಆಗಿದೆ. ಹದಿನೈದು ವರ್ಷದ ಕೆಲಸ ಅವರದಲ್ಲದ ಪೆಟ್ಟಿಗೆಯಲ್ಲಿ ಕೂತಿದೆ. ಬ್ಯಾನರುಗಳ ಕನ್ನಡವೆಲ್ಲ ಯೂನಿಕೋಡಿಗಿಂತ ಹಿಂದಿನ ಫಾಂಟಿನಲ್ಲಿದೆ. ಆ ಅಕ್ಷರಗಳನ್ನು ನಕಲು ಮಾಡಿ ಬೇರೆಡೆ ಹಾಕಿದರೆ ಬರುವುದು ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಆ ಕಂಪ್ಯೂಟರ್ ಸತ್ತ ದಿನ ಎಷ್ಟೋ ಮನೆಗಳ ಮದುವೆ ಅದರೊಂದಿಗೆ ಹೋಗುತ್ತದೆ. ಮುಳುಗಡೆ ನಾಡಿನಲ್ಲಿ ಇದ್ದುಕೊಂಡು ಇದನ್ನು ಸಣ್ಣ ಮಾತೆನ್ನಲು ನನಗೆ ಆಗುವುದಿಲ್ಲ.

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಒಬ್ಬ ಆಯಿ ಇದ್ದಾರೆ. ಅವರ ಮುಳುಗಿದ ಮನೆಯ ಒಂದೇ ಒಂದು ಫೋಟೊ ಉಳಿದಿದೆ. ಕಟ್ಟೆಯ ಮೇಲೆ ಗಂಡ ಕೂತಿದ್ದಾನೆ, ಹಿಂದೆ ಬಾಗಿಲು. ನೀರು ಕುಡಿದು ಒಂದು ಮೂಲೆ ಕಪ್ಪಾಗಿದೆ. ಕಪ್ಪು ತೆಗೆದುಕೊಟ್ಟೆ. ನೋಡಿ, ಬೆರಳಿಟ್ಟು ಕೇಳಿದರು: "ಬೇವಿನ ಗಿಡ ಎಲ್ಲೈತಿ?" ಗಿಡ ಫೋಟೊದಲ್ಲಿ ಇರಲೇ ಇಲ್ಲ, ಕ್ಯಾಮೆರಾದವನು ಅದನ್ನು ಚೌಕಟ್ಟಿನ ಆಚೆ ಬಿಟ್ಟಿದ್ದ. ಆದರೆ ಗಿಡ ಇದ್ದದ್ದು ಖರೆ. ಓಣಿಯ ನಾಲ್ಕು ಮಂದಿ ಅದರ ನೆರಳಿನಲ್ಲಿ ಬೆಳೆದವರು. "ಹಾಕಿ ಕೊಡು, ಗ್ವಾಡಿಗೆ ಹಾಕತೇನಿ" ಎಂದರು.

ಹಾಕಬೇಕೆ? ಬಣ್ಣದ ಸತ್ಯಕ್ಕೆ ಇಷ್ಟು ಪಾಡುಪಟ್ಟವಳು ಇಲ್ಲದ ಗಿಡವನ್ನು ಹೇಗೆ ನೆಡುವುದು? ಆದರೆ ಗಿಡವಿಲ್ಲದ ಆ ಫೋಟೊ ಎಷ್ಟು ಸತ್ಯ? ಅಲ್ಲಿ ಬದುಕಿದವರಿಗೆ ಅದು ಅರ್ಧ ಸುಳ್ಳು. ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಕಾವ್ಯಕ್ಕೆ ಔಚಿತ್ಯವೇ ಜೀವ ಎಂದು ವಾದಿಸಿದ. ಯಾವುದೂ ತನ್ನಷ್ಟಕ್ಕೆ ಚೆಂದವಲ್ಲ, ಇರಬೇಕಾದ ಜಾಗದಲ್ಲಿ ಇದ್ದರೆ ಚೆಂದ. ಆಯಿಯ ಗೋಡೆಯ ಮೇಲೆ ಆ ಬೇವು ಉಚಿತ ಎಂದು ನನಗನ್ನಿಸಿತು. ಮರುವಾರ ಗಿಂಪಿನಲ್ಲಿ ಬೇರೆ ಪದರದ ಮೇಲೆ ಒಂದು ಬೇವನ್ನು ನಿಲ್ಲಿಸಿದೆ. ಪದರಕ್ಕೆ 'ಆಯಿ ಹೇಳಿದ ಗಿಡ' ಎಂದು ಹೆಸರಿಟ್ಟೆ. ನನ್ನ ಪ್ರಬಂಧಕ್ಕೆ ಹೋಗುವುದು ಆ ಪದರ ಇಲ್ಲದ ಮೂಲ ನಕಲು. ಏನನ್ನು ತೆಗೆದೆ, ಏನನ್ನು ಇಟ್ಟೆ ಎಂಬ ಟಿಪ್ಪಣಿ ಫೋಟೊದ ಜೊತೆಗೇ ಇದೆ.

ಆಯಿಯ ಮೊಮ್ಮಗನಿಗೆ ಬೇಕಾದದ್ದು ಬೇರೆ. ಹಳೆಯ ಪರಿಹಾರದ ಕೇಸು ಇನ್ನೂ ನಡೆದಿದೆ. ಇತ್ತ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಮತ್ತೆ ಎದ್ದಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ತೀರ್ಮಾನಿಸಿದ ಮೇಲೆ ಮನೆಮನೆಯಲ್ಲಿ ಹಳೆಯ ಕಾಗದಗಳು ಟ್ರಂಕಿನಿಂದ ಹೊರಬಂದಿವೆ. ಸ್ವಾಧೀನದ ಲೆಕ್ಕದಲ್ಲಿ ಜಮೀನಿಗೆ ಬೇರೆ, ಕಟ್ಟಡಕ್ಕೆ ಬೇರೆ, ಗಿಡಮರಗಳಿಗೆ ಬೇರೆ ಬೆಲೆ ಕಟ್ಟುತ್ತಾರೆ. ಹುಡುಗ ಗಿಡವಿದ್ದ ಪ್ರಿಂಟನ್ನು ನೋಡಿ, "ಅಕ್ಕಾರ, ಇದರದ ಒಂದ ಕಾಪಿ ವಕೀಲರಿಗೂ ಕೊಡ್ರಿ" ಎಂದ.

ಕೊಡಲಾಗುವುದಿಲ್ಲ ಎಂದೆ. ಗಿಡ ನಾನು ಹಾಕಿದ್ದು.

"ಗಿಡ ಇತ್ತಲ್ರಿ. ಸುಳ್ಳೇನ್ ಅಲ್ಲಲ್ಲ."

ಇತ್ತು. ಆದರೆ ಈ ಫೋಟೊ ಅದನ್ನು ನೋಡಿಲ್ಲ. ಕೋರ್ಟು ಫೋಟೊವನ್ನು ಕೇಳುವುದು ಏನಿತ್ತು ಎಂದಲ್ಲ, ನೀನು ಏನು ಕಂಡೆ ಎಂದು. ಗಿಡ ಕಂಡ ಮನುಷ್ಯರಿದ್ದಾರೆ, ಅವರು ಸಾಕ್ಷಿ ಹೇಳಲಿ ಎಂದೆ. ಅವನು ಬೆರಳೆಣಿಸಿದ. ನಾಲ್ಕರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ, ಒಬ್ಬ ಗೋವಾದಲ್ಲಿ ಇದ್ದಾನೆ, ಎಲ್ಲಿ ಎಂದು ಗೊತ್ತಿಲ್ಲ. ಉಳಿದವರು ಆಯಿ. ಅವರು ಕೋರ್ಟಿನ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿಲ್ಲ. ಆಯಿಯ ಮಾತನ್ನು ದಿನಾಂಕ ಹಾಕಿ, ಅವರ ದನಿಯಲ್ಲೇ ಧ್ವನಿಮುದ್ರಿಸಿ, ಮೂಲ ಫೋಟೊದ ಶುದ್ಧ ನಕಲಿನ ಜೊತೆ ಕೊಟ್ಟಿದ್ದೇನೆ. ಅದು ವಕೀಲರಿಗೆ ಎಷ್ಟು ಉಪಯೋಗಕ್ಕೆ ಬಂದೀತು ಹೇಳಲಾರೆ. ಹುಡುಗ ಈಗಲೂ ನನ್ನೊಡನೆ ಮಾತಾಡುತ್ತಾನೆ, ಮೊದಲಿನಷ್ಟು ಅಲ್ಲ.

ಆಯಿಗೆ ಈ ಯಾವ ತಕರಾರೂ ಇಲ್ಲ. ಗೋಡೆಯ ಪ್ರಿಂಟಿನ ಬಗ್ಗೆ ಅವರದು ಬೇರೆಯೇ ದೂರು: ಗಿಡ ಸರಿ ಇದೆ, ನೆರಳು ಸರಿ ಇಲ್ಲ. ಮಧ್ಯಾಹ್ನ ನೆರಳು ಕಟ್ಟೆಯ ಮೇಲೆ ಗಂಡ ಕೂರುವ ಜಾಗಕ್ಕೇ ಬರುತ್ತಿತ್ತಂತೆ, ಅದಕ್ಕೇ ಅವನು ಅಲ್ಲಿ ಕೂರುತ್ತಿದ್ದನಂತೆ. ಫೋಟೊದಲ್ಲಿ ಬಾಗಿಲ ಚೌಕಟ್ಟಿನ ನೆರಳು ಎಡಕ್ಕೆ ಬಿದ್ದಿದೆ. ಅದರ ಉದ್ದ ಹಿಡಿದು ಆಗ ಎಷ್ಟು ಗಂಟೆಯಾಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದೇನೆ.